ಕವಲೊಡೆದ ಪಾಲಿಮರ್‌ನ ಅಣುತೂಕ: ಪ್ರಾಜೆಕ್ಟ್ ಗೆಲ್ಲಲು ಎಂಟು ಸೂತ್ರಗಳು

ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಗೆರೆಯ ಮೇಲೆ ಪಾಲಿಥೀನ್ ಹಾಳೆ ಕಟ್ಟುತ್ತಾರೆ. ಹಾಳೆ ಎಲ್‌ಡಿಪಿಇ ಆಗಿದ್ದರೆ ಅದೂ ಕವಲೊಡೆದ ಪಾಲಿಮರ್, ಕೆಳಗೆ ಕಪ್ಪಿಗಿಳಿಯುವ ರಬ್ಬರ್ ಹಾಲಿನಲ್ಲಿರುವುದೂ ಕವಲೊಡೆದದ್ದೇ. ಉಜಿರೆ, ಮಿಜಾರು, ಬೆಂಜನಪದವಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ವಸ್ತು ತೋಟದಲ್ಲೇ ಸಿಗುತ್ತದೆ. ಆದರೆ ಇವುಗಳ ಅಣುತೂಕ ಸುಲಭಕ್ಕೆ ಸಿಗುವುದಿಲ್ಲ.

1. ಯಾವ ಕವಲು ಎಂದು ಮೊದಲೇ ತಿಳಿಯಿರಿ. ಎಲ್‌ಎಲ್‌ಡಿಪಿಇಯಲ್ಲಿ ಗಿಡ್ಡ ಕವಲುಗಳು ಮಾತ್ರ. ಎಲ್‌ಡಿಪಿಇಯಲ್ಲಿ ಗಿಡ್ಡವೂ ಉಂಟು, ಉದ್ದವೂ ಉಂಟು. ಮಂಗಳೂರಿನ ಎಂಆರ್‌ಪಿಎಲ್ ತಯಾರಿಸುವ ಪಾಲಿಪ್ರೊಪಿಲೀನ್‌ನಲ್ಲಿ ಸಾಲಾಗಿ ಮೀಥೈಲ್ ಗುಂಪುಗಳಿದ್ದರೂ ಸರಪಳಿ ನೇರವೇ. ಲೆಕ್ಕ ಕೆಡಿಸುವುದು ಉದ್ದ ಕವಲು. ಕಾರ್ಬನ್-13 ಎನ್‌ಎಂಆರ್ ಕವಲುಗಳನ್ನು ಎಣಿಸಿ ಕೊಡುತ್ತದೆ, ಆದರೆ ಆರು ಕಾರ್ಬನ್ ದಾಟಿದ ಮೇಲೆ ಉದ್ದ ಎಷ್ಟೆಂದು ಬೇರ್ಪಡಿಸಲಾರದು.

2. ಜಿಪಿಸಿ (ಜೆಲ್ ಪರ್ಮಿಯೇಶನ್ ಕ್ರೊಮ್ಯಾಟೋಗ್ರಫಿ) ತೂಗುವುದಿಲ್ಲ, ಗಾತ್ರ ನೋಡುತ್ತದೆ. ಅಡಿಕೆ ಮರದಷ್ಟೇ ತೂಕವಿರುವ, ಕೊಂಬೆಯೊಡೆದ ಮರ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಅಣುವಿನದೂ ಅದೇ ಕಥೆ. ಗಾತ್ರ ಕುಗ್ಗಿದ ಅಣು ಕಾಲಂನಿಂದ ತಡವಾಗಿ ಹೊರಬರುತ್ತದೆ, ನೇರ ಪಾಲಿಸ್ಟೈರೀನ್ ಸ್ಟ್ಯಾಂಡರ್ಡ್‌ಗೆ ಹೋಲಿಸಿದರೆ ಅಣುತೂಕ ಇರುವುದಕ್ಕಿಂತ ಕಡಿಮೆ ಬರುತ್ತದೆ.

3. ಲ್ಯಾಬಿಗೆ ಮೂರು ಪ್ರಶ್ನೆ ಕೇಳಿ, ಆಮೇಲೆ ಸ್ಯಾಂಪಲ್ ಕಳಿಸಿ. ಎಷ್ಟು ಉಷ್ಣತೆಯಲ್ಲಿ ಓಡಿಸುತ್ತೀರಿ? ಯಾವ ಡಿಟೆಕ್ಟರ್? ಯಾವ ಸ್ಟ್ಯಾಂಡರ್ಡ್? ಎಲ್‌ಡಿಪಿಇಗೆ ಟ್ರೈಕ್ಲೋರೋಬೆಂಜೀನ್ ಮತ್ತು 140–160 ಡಿಗ್ರಿ ಸೆಲ್ಸಿಯಸ್ ಬೇಕು, ಜೊತೆಗೆ ಸರಪಳಿ ತುಂಡಾಗದಂತೆ ಆಂಟಿಆಕ್ಸಿಡೆಂಟ್. ಸಾಮಾನ್ಯ ಟಿಎಚ್‌ಎಫ್ ಜಿಪಿಸಿಯಲ್ಲಿ ಅದು ಕರಗುವುದೇ ಇಲ್ಲ.

4. ಬೆಳಕಿನ ಚದುರುವಿಕೆಯನ್ನು ನಂಬಿ, ಅದನ್ನು ಕೆಡಿಸುವ ಧೂಳನ್ನು ನಂಬಬೇಡಿ. 1944ರಲ್ಲಿ ಡೆಬೈ ತೋರಿಸಿದ ದಾರಿ ಇದು. ಸ್ಟ್ಯಾಂಡರ್ಡ್‌ನ ಹಂಗಿಲ್ಲದೆ ತೂಕ-ಸರಾಸರಿ ಅಣುತೂಕ ನೇರವಾಗಿ ಸಿಗುತ್ತದೆ, ದೊಡ್ಡ ಅಣುಗಳಾದರೆ ತ್ರಿಜ್ಯವೂ ಸಿಗುತ್ತದೆ. ವಕ್ರೀಭವನ ಸೂಚ್ಯಂಕ ಸಾಂದ್ರತೆಯೊಂದಿಗೆ ಎಷ್ಟು ಬದಲಾಗುತ್ತದೆ ಎಂಬ ಅಂಕಿ ಮಾತ್ರ ಸರಿಯಿರಬೇಕು. ಟ್ರೈಕ್ಲೋರೋಬೆಂಜೀನ್‌ನಲ್ಲಿ ಪಾಲಿಥೀನ್‌ಗೆ ಅದು ಋಣಸಂಖ್ಯೆ, ಗ್ರಾಂಗೆ ಸುಮಾರು −0.1 ಮಿಲಿಲೀಟರ್.

5. ಬೆಳಕಿನ ಚದುರುವಿಕೆಯ ಡಿಟೆಕ್ಟರ್ ಇಲ್ಲದಿದ್ದರೆ ವಿಸ್ಕಾಸಿಟಿ ಡಿಟೆಕ್ಟರ್ ಹಿಡಿಯಿರಿ. ಇಂಟ್ರಿನ್ಸಿಕ್ ವಿಸ್ಕಾಸಿಟಿಯನ್ನು ಅಣುತೂಕದಿಂದ ಗುಣಿಸಿದರೆ ಅಣುವಿನ ಗಾತ್ರದ ಅಳತೆ. ನೇರ, ಕವಲು ಎರಡೂ ಆಗ ಒಂದೇ ಗೆರೆಯ ಮೇಲೆ ಬೀಳುತ್ತವೆ. 1967ರಲ್ಲಿ ಬೆನ್ವಾ ತಂಡ ಕೊಟ್ಟ ಈ ಯೂನಿವರ್ಸಲ್ ಕ್ಯಾಲಿಬ್ರೇಶನ್ ಇಂದಿಗೂ ಚಾಲ್ತಿಯಲ್ಲಿದೆ. ಬಿಎಸ್ಸಿ ಲ್ಯಾಬಿನ ಆಸ್ಟ್‌ವಾಲ್ಡ್ ವಿಸ್ಕೋಮೀಟರ್ ಕಲಿಯಲು ಒಳ್ಳೆಯದೇ. ಆದರೆ ನೇರ ಪಾಲಿಮರ್‌ಗೆಂದು ಕೊಟ್ಟ ಮಾರ್ಕ್–ಹೌವಿಂಕ್ ಸ್ಥಿರಾಂಕ ತಂದು ಕವಲಿನದಕ್ಕೆ ಹಾಕಬೇಡಿ.

6. ರಬ್ಬರನ್ನು ಅವಸರಪಡಿಸಬೇಡಿ. ಅಣುವಿನ ತುದಿಗಳು ಪ್ರೋಟೀನ್, ಫಾಸ್ಫೋಲಿಪಿಡ್‌ಗಳ ಮೂಲಕ ಒಂದಕ್ಕೊಂದು ಬೆಸೆದುಕೊಳ್ಳುವುದರಿಂದ ಅಲ್ಲಿ ಕವಲು ಹುಟ್ಟುತ್ತದೆ. ಇಟ್ಟಷ್ಟೂ ಜೆಲ್ ಹೆಚ್ಚುತ್ತದೆ. ಟ್ಯಾಪ್ ಮಾಡಿದ ದಿನ, ಅಮೋನಿಯಾ ಹಾಕಿದ್ದು, ಶೀಟ್ ಹೊಗೆಗೆ ಹಾಕಿದ್ದು ಎಲ್ಲವನ್ನೂ ಬರೆದಿಡಿ. ಟಾಲ್ವೀನ್‌ನಲ್ಲಿ ಕತ್ತಲಲ್ಲಿಟ್ಟು ನಿಧಾನ ಕರಗಿಸಿ. ಅಲ್ಟ್ರಾಸೋನಿಕ್ ಬಾತ್‌ಗೆ ಹಾಕಿದರೆ ಉದ್ದ ಸರಪಳಿಗಳೇ ಮೊದಲು ತುಂಡಾಗುತ್ತವೆ.

7. ಫಿಲ್ಟರಿನಲ್ಲಿ ಉಳಿದದ್ದನ್ನು ಎಸೆಯಬೇಡಿ. ಕರಗದೆ ನಿಂತ ಜೆಲ್‌ನಲ್ಲೇ ಅತಿ ಹೆಚ್ಚು ಹೆಣೆದುಕೊಂಡ ಅಣುಗಳಿರುತ್ತವೆ. ಒಣಗಿಸಿ ತೂಗಿ, ಶೇಕಡಾವಾರು ಬರೆಯಿರಿ. ಇಲ್ಲದಿದ್ದರೆ ನಿಮ್ಮ ಅಂಕಿ ಕರಗಿದ ಭಾಗದ್ದು ಮಾತ್ರ.

8. ಎಂಎಫ್‌ಐಯನ್ನು (ಮೆಲ್ಟ್ ಫ್ಲೋ ಇಂಡೆಕ್ಸ್) ಅಣುತೂಕ ಎನ್ನಬೇಡಿ. ಪಾಲಿಥೀನ್ ಆದರೆ 190 ಡಿಗ್ರಿಯಲ್ಲಿ, 2.16 ಕೆಜಿ ಭಾರದಡಿ, 10 ನಿಮಿಷಕ್ಕೆ ಎಷ್ಟು ಗ್ರಾಂ ಹರಿಯಿತು ಎಂಬುದಷ್ಟೇ ಅದು. ಒಂದೇ ಎಂಎಫ್‌ಐ ಇರುವ ಎಲ್‌ಡಿಪಿಇ, ಎಚ್‌ಡಿಪಿಇಗಳ ಅಣುತೂಕ ಬೇರೆಬೇರೆ ಇರಬಹುದು.

ಕೊನೆಗೆ ವರದಿಯ ಮಾತು. ಒಂದೇ ಅಣುತೂಕ ಬರೆದು ಕೈತೊಳೆದುಕೊಳ್ಳಬೇಡಿ. ಸಂಖ್ಯಾ-ಸರಾಸರಿ, ತೂಕ-ಸರಾಸರಿ, ಜೆಲ್ ಪ್ರಮಾಣ, ಕವಲಿನ ಸೂಚ್ಯಂಕ ನಾಲ್ಕನ್ನೂ ಕೊಡಿ. ಕವಲಿನಿಂದ ಗಾತ್ರ ಎಷ್ಟು ಕುಗ್ಗಿದೆ ಎಂದು ಹೇಳುವ, ಝಿಮ್ ಮತ್ತು ಸ್ಟಾಕ್‌ಮೇಯರ್ 1949ರಲ್ಲಿ ಕೊಟ್ಟ ಈ ಸೂಚ್ಯಂಕ ನೇರ ಸರಪಳಿಗೆ 1. ಮೂರು ಸಮತೋಳಿನ ನಕ್ಷತ್ರಾಕಾರದ ಅಣುವಿಗೆ ಸುಮಾರು 0.78, ನಾಲ್ಕು ತೋಳಿಗೆ 0.63. ಅಳೆದ ವಿಧಾನದ ಹೆಸರು ಪಕ್ಕದಲ್ಲಿಲ್ಲದ ಅಣುತೂಕಕ್ಕೆ ಬೆಲೆಯಿಲ್ಲ. ವೈವಾದಲ್ಲಿ ಬರುವ ‘ಹೇಗೆ ಅಳೆದಿರಿ?’ ಎಂಬ ಮೊದಲ ಪ್ರಶ್ನೆಗೂ ಆ ಹೆಸರೇ ಉತ್ತರ.