ಆಟವನ್ನು ಕಂತುಕಂತಾಗಿ ಮಾರುವುದು ನ್ಯಾಯವೇ?

ವ್ಯಾಪಾರದಲ್ಲಿ ನ್ಯಾಯವೆಂದರೇನು? ಕೊಳ್ಳುವವನಿಗೆ ತಾನು ಕೊಳ್ಳುವುದು ಏನೆಂಬುದು ಮೊದಲೇ ತಿಳಿದಿರಬೇಕು. ಕೊಟ್ಟ ಹಣಕ್ಕೆ ತಕ್ಕ ಪದಾರ್ಥ ಕೈಸೇರಬೇಕು. ಒಮ್ಮೆ ಮಾರಿದ ವಸ್ತುವಿನ ಉಪಯೋಗವನ್ನು ಮಾರಿದವನೇ ಆಮೇಲೆ ಕುಗ್ಗಿಸಬಾರದು. ನಮ್ಮ ಕಾಲದ ಒಂದು ಪ್ರಸಿದ್ಧ ಆಟವನ್ನು ಈ ಮೂರು ಒರೆಗಲ್ಲುಗಳಿಗೆ ತಿಕ್ಕಿ ನೋಡುವುದೇ ಈ ಲೇಖನದ ಉದ್ದೇಶ.

ಸ್ಟಾರ್‌ಕ್ರಾಫ್ಟ್ ಎಂಬುದು ಕಂಪ್ಯೂಟರಿನಲ್ಲಿ ಆಡುವ ಯುದ್ಧತಂತ್ರದ ಆಟ. ಅಮೆರಿಕದ ಬ್ಲಿಝರ್ಡ್ ಸಂಸ್ಥೆ ಇದನ್ನು 1998ರಲ್ಲಿ ಹೊರತಂದಿತು. ಖನಿಜ ಕೂಡಿಹಾಕಿ, ನೆಲೆ ಕಟ್ಟಿ, ಪಡೆ ಬೆಳೆಸಿ ಎದುರಾಳಿಯನ್ನು ಸೋಲಿಸುವುದು ಇದರ ಕ್ರಮ. ಚದುರಂಗದಲ್ಲಿರುವಂತೆ ಇಲ್ಲಿ ಸರದಿಯಿಲ್ಲ; ಇಬ್ಬರ ನಡೆಯೂ ಏಕಕಾಲದಲ್ಲಿ ಸಾಗುತ್ತದೆ. ಟೆರ್ರನ್, ಝರ್ಗ್, ಪ್ರೋಟಾಸ್ ಎಂದು ಮೂರು ಪಕ್ಷಗಳು. ಮೂರರ ಕಥೆಯೂ ಆಗ ಒಂದೇ ಪೆಟ್ಟಿಗೆಯಲ್ಲಿ ದೊರೆಯುತ್ತಿತ್ತು.

ಎರಡನೆಯ ಸ್ಟಾರ್‌ಕ್ರಾಫ್ಟ್ ಮೂರು ಭಾಗಗಳಾಗಿ ಬರುವುದೆಂದು ಸಂಸ್ಥೆ 2008ರಲ್ಲಿ ಸಾರಿತು. ಟೆರ್ರನ್ನರ ಕಥೆ 2010ರಲ್ಲಿಯೂ, ಝರ್ಗ್ ಕಥೆ 2013ರಲ್ಲಿಯೂ, ಪ್ರೋಟಾಸ್ ಕಥೆ 2015ರಲ್ಲಿಯೂ ಬಂದವು. ಅಮೆರಿಕದಲ್ಲಿ ಮೊದಲನೆಯದರ ಬೆಲೆ ಸುಮಾರು 60 ಡಾಲರು; ಉಳಿದೆರಡಕ್ಕೆ ಸುಮಾರು ನಲವತ್ತು ನಲವತ್ತು. ಒಟ್ಟು 140 ಡಾಲರು! ಒಂದು ರೊಟ್ಟಿಯನ್ನು ಮೂರು ತುಂಡು ಮಾಡಿ ಮೂರು ರೊಟ್ಟಿಯ ಬೆಲೆ ಕೇಳಿದಂತಾಯಿತೆಂದು ಹಲವರು ಆಕ್ಷೇಪಿಸಿದರು.

ಆದರೆ ಈ ಆಕ್ಷೇಪ ಪೂರ್ತಿ ಸರಿಯಲ್ಲ. ಹಿಂದಿನ ಆಟದಲ್ಲಿ ಪಕ್ಷವೊಂದಕ್ಕೆ ಸುಮಾರು ಹತ್ತು ಕಾಳಗಗಳಿದ್ದರೆ, 2010ರ ಭಾಗವೊಂದರಲ್ಲಿಯೇ ಸುಮಾರು ಮೂವತ್ತು ಇದ್ದವು. ತುಂಡೇ ಹಿಂದಿನ ರೊಟ್ಟಿಯಷ್ಟಿತ್ತು. ಕಥೆಯನ್ನು ಭಾಗಮಾಡಿ ಮಾರುವುದೂ ಹೊಸತಲ್ಲ. ಡಿಕನ್ಸನು ತನ್ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯನ್ನು 1836-37ರಲ್ಲಿ ತಿಂಗಳಿಗೊಂದು ಭಾಗದಂತೆ, ಭಾಗಕ್ಕೊಂದು ಷಿಲಿಂಗಿಗೆ ಓದುಗರಿಗೆ ಕೊಟ್ಟನು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳನ್ನು ಕಾದು ಓದಿದವರು ಯಾರೂ ಮೋಸಹೋದೆವೆಂದು ಹೇಳುವುದಿಲ್ಲ. ಮೊದಲೇ ಸಾರಿದ್ದರಿಂದಲೂ, ಹಣಕ್ಕೆ ತಕ್ಕ ಹುರುಳು ಇದ್ದುದರಿಂದಲೂ ಮೊದಲೆರಡು ಒರೆಗಲ್ಲುಗಳಲ್ಲಿ ಸಂಸ್ಥೆ ಗೆದ್ದಿತೆನ್ನಬೇಕು.

ಮೂರನೆಯದರಲ್ಲಿಯೇ ತೊಡಕು. ಈ ಆಟಕ್ಕೆ ಎರಡು ಮುಖಗಳುಂಟು: ಒಬ್ಬನೇ ಕುಳಿತು ಸವಿಯುವ ಕಥೆ ಒಂದು, ಇನ್ನೊಬ್ಬರೊಡನೆ ಹೂಡುವ ಪಂದ್ಯ ಮತ್ತೊಂದು. ಪಂದ್ಯಕ್ಕೆ ಮೂರು ಪಕ್ಷಗಳೂ 2010ರಲ್ಲಿಯೇ ದೊರೆತವು, ನಿಜ. ಆದರೆ 2013ರ ಭಾಗ ಪ್ರತಿಯೊಂದು ಪಕ್ಷಕ್ಕೂ ಹೊಸ ಪಡೆಗಳನ್ನು ಕೊಟ್ಟಿತು. ಅದನ್ನು ಕೊಂಡವರ ಅಂಕಣ ಬೇರೆ, ಕೊಳ್ಳದವರ ಅಂಕಣ ಬೇರೆ ಆಯಿತು. ಚದುರಂಗಕ್ಕೆ ಹೊಸದೊಂದು ಕಾಯಿ ಸೇರಿಸಿ, ಅದನ್ನು ಕೊಳ್ಳದವನಿಗೆ ‘ನೀನು ಹಳಬರೊಡನೆ ಆಡಿಕೊ’ ಎಂದರೆ ಹೇಗೆ? ಅವನ ಮಣೆ ಅವನಲ್ಲಿಯೇ ಉಳಿಯಿತು. ಎದುರಿಗೆ ಕೂರುವವರು ಎದ್ದುಹೋದರು. ಓದುಗನಾದರೆ ಮುಂದಿನ ಸಂಚಿಕೆಯನ್ನು ಬಿಟ್ಟರೂ ಹಿಂದೆ ಓದಿದ್ದನ್ನು ಕಳೆದುಕೊಳ್ಳುವುದಿಲ್ಲ. ಆಟಗಾರನಿಗೆ ಜೊತೆಗಾರರೇ ಅರ್ಧ ಆಟ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮಂಥವರ ಮನೆಗಳಲ್ಲಿ ಕಂತು ಎಂದರೆ ವಸ್ತು ಪೂರ್ತಿ ಮನೆಗೆ ಬಂದು, ಹಣ ಮಾತ್ರ ತಿಂಗಳು ತಿಂಗಳು ಹೋಗುವುದು. ಇಲ್ಲಿ ವಸ್ತುವೇ ಕಂತಿನಲ್ಲಿ ಬರುತ್ತದೆ. ಆದ್ದರಿಂದ ‘ಇದಕ್ಕೆ ಇನ್ನೆಷ್ಟು ಸುರಿಯಬೇಕು?’ ಎಂದು ಮೊದಲೇ ಕೇಳುವುದು ಜಿಪುಣತನವಲ್ಲ, ಕೊಳ್ಳುವವನ ಹಕ್ಕು. ಕೈಯಲ್ಲಿ ಹಣವಿದ್ದವನು ಹೊಸ ಅಂಕಣಕ್ಕೆ ನಡೆದಾನು. ಹಣವಿಲ್ಲದವನು ಸೋಲದೆಯೇ ಹೊರಗುಳಿಯುತ್ತಾನೆ.

ಹೊಸ ಪಡೆಗಳನ್ನು ರೂಪಿಸುವುದಕ್ಕೂ ದುಡಿಮೆ ಬೇಕಲ್ಲವೇ ಎಂದು ಕೇಳಬಹುದು. ಬೇಕು, ಅದರ ಪ್ರತಿಫಲವನ್ನು ಕಥೆಯ ಬೆಲೆಯಲ್ಲಿ ಪಡೆಯಲಿ. ಇದು ಆಗದ ಮಾತಲ್ಲ. 2017ರ ನವೆಂಬರಿನಲ್ಲಿ ಅದೇ ಸಂಸ್ಥೆ ಮೊದಲ ಭಾಗದ ಕಥೆಯನ್ನೂ ಪಂದ್ಯವನ್ನೂ ಉಚಿತವಾಗಿ ತೆರೆದು, ಉಳಿದ ಕಥೆಗಳಿಗೆ ಮಾತ್ರ ಬೆಲೆಯಿಟ್ಟಿತು. ಏಳು ವರ್ಷ ತಡವಾದರೂ ದಾರಿ ಸರಿಯಾದುದೇ.

ಕಥೆಯನ್ನು ಕಂತಿನಲ್ಲಿ ಮಾರಬಹುದು; ಆಟದ ಅಂಕಣವನ್ನು ಮಾರಬಾರದು. ನಿಯಮವೂ ಕಾಯಿಗಳೂ ಎಲ್ಲರಿಗೂ ಸಮಾನವಾಗಿದ್ದರೆ ಮಾತ್ರ ಗೆಲುವಿಗೆ ಗೌರವವುಂಟೆಂಬುದು ನನ್ನ ನಮ್ರ ಅಭಿಪ್ರಾಯ.