ಅನುದಾನ ನಿಂತ ಮೇಲೂ ಪಾಠ ನಡೆಯಬೇಕಾದರೆ

ರಾಯಚೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಸುತ್ತಲಿನ ಕೆಲವು ಶಾಲೆಗಳಲ್ಲಿ ಗಣಿತದ ಹುದ್ದೆ ಖಾಲಿ. ಅಲ್ಲಿನ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ನಮ್ಮ ಕಂಪ್ಯೂಟರ್ ಕೋಣೆಯಿಂದಲೇ ಆನ್‌ಲೈನ್‌ನಲ್ಲಿ ನೇರ ಪಾಠ ಹೋಗುತ್ತದೆ. ಆ ಕಡೆ ಒಂದು ಪ್ರೊಜೆಕ್ಟರ್, ಒಂದು ಮೈಕು, ಮಕ್ಕಳ ನಡುವೆ ಓಡಾಡಿ ನೋಡಿಕೊಳ್ಳಲು ಒಬ್ಬ ಕಂಪ್ಯೂಟರ್ ಬೋಧಕ. ಕೋವಿಡ್ ನಂತರದ ವರ್ಷಗಳಲ್ಲಿ ಈ ಏರ್ಪಾಡು ಚೆನ್ನಾಗಿ ಬೇರೂರಿತ್ತು. ಆಮೇಲೆ ಅನುದಾನ ಮೊದಲು ತಡವಾಯಿತು, ಬಳಿಕ ಕಡಿಮೆಯಾಯಿತು, ಒಂದು ವರ್ಷ ಇಂಟರ್ನೆಟ್ಟಿನ ಮತ್ತು ಬೋಧಕರ ಗೌರವಧನದ ಬಾಬತ್ತೇ ಪಟ್ಟಿಯಲ್ಲಿ ಕಾಣಲಿಲ್ಲ. ಪಾಠ ಇನ್ನೂ ನಡೆಯುತ್ತಿದೆ. ಮೊದಲಿನಷ್ಟು ಶಾಲೆಗಳಿಗೆ ತಲುಪುತ್ತಿಲ್ಲ. ಉಳಿದದ್ದು ಹೇಗೆ, ಹೋದದ್ದು ಯಾಕೆ ಎಂಬುದನ್ನು ಬೇರೆ ತಾಲ್ಲೂಕುಗಳ ಶಿಕ್ಷಕರಿಗಾಗಿ ಬರೆಯುತ್ತಿದ್ದೇನೆ.

1. ಉಪಕರಣದ ಹಣ ಬಂದ ದಿನವೇ ಆವರ್ತಕ ವೆಚ್ಚದ ಲೆಕ್ಕ ಹಾಕಿ

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಒಂದು ಶಾಲೆಯ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಒಂದು ಬಾರಿಗೆ ಗರಿಷ್ಠ ₹6.40 ಲಕ್ಷ ಸಿಗುತ್ತದೆ. ಅದನ್ನು ನಡೆಸಲು ವರ್ಷಕ್ಕೆ ಗರಿಷ್ಠ ₹2.40 ಲಕ್ಷ, ಅದೂ 5 ವರ್ಷ ಮಾತ್ರ. ಸ್ಮಾರ್ಟ್ ತರಗತಿಯಾದರೆ ಒಮ್ಮೆಗೆ ₹2.40 ಲಕ್ಷ, ವರ್ಷಕ್ಕೆ ₹38,000. ಪ್ರಯೋಗಾಲಯದ ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ₹20,000. ಬೋಧಕರ ಗೌರವಧನ, ಇಂಟರ್ನೆಟ್, ಕರೆಂಟು, ದುರಸ್ತಿ ಎಲ್ಲವೂ ಅದರಲ್ಲೇ ಆಗಬೇಕು.

ಉದ್ಘಾಟನೆಯ ದಿನ ಎಲ್ಲರ ಕಣ್ಣೂ ಹೊಳೆಯುವ ಪರದೆಯ ಮೇಲಿರುತ್ತದೆ. ಪಾಠವನ್ನು ಹೊತ್ತು ನಡೆಸುವುದು ಆ ಇಪ್ಪತ್ತು ಸಾವಿರ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ, ಏಕೆಂದರೆ ಅದನ್ನು ತೆಗೆದರೆ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಕಂಪ್ಯೂಟರುಗಳು ಇದ್ದಲ್ಲೇ ಇರುತ್ತವೆ, ಬೋರ್ಡೂ ಗೋಡೆಯ ಮೇಲಿರುತ್ತದೆ. ಯುಪಿಎಸ್ ಬ್ಯಾಟರಿ ಸತ್ತು, ರೀಚಾರ್ಜ್ ಮುಗಿದು, ಬೋಧಕರು ಬರುವುದು ನಿಂತ ಮೇಲೆ ಕೋಣೆಗೆ ಬೀಗ ಬೀಳುತ್ತದೆ. ಮೊದಲ ವರ್ಷದಲ್ಲೇ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಮುಂದೆ ಒಂದು ಹಾಳೆ ಇಡಿ: ಆರನೇ ವರ್ಷ ಈ ಕೋಣೆಯ ಖರ್ಚು ಯಾರು ಕೊಡುತ್ತಾರೆ? ಆ ಪ್ರಶ್ನೆಗೆ ಮೊದಲೇ ಉತ್ತರ ಹುಡುಕಿಕೊಂಡ ಶಾಲೆಗಳೇ ಇವತ್ತಿಗೂ ನಮ್ಮ ಪಾಠಕ್ಕೆ ಸೇರುತ್ತಿವೆ.

2. ಹಣ ಬರುವ ದಾರಿಯನ್ನು ತಿಳಿದುಕೊಳ್ಳಿ

ಶಿಕ್ಷಕರಾದ ನಮಗೆ ಇದು ಬೇಸರದ ವಿಷಯ. ಆದರೂ ತಿಳಿಯಲೇಬೇಕು. ಸಮಗ್ರ ಶಿಕ್ಷಾದ ವೆಚ್ಚದಲ್ಲಿ ಕೇಂದ್ರದ ಪಾಲು ಶೇ 60, ನಮ್ಮಂಥ ರಾಜ್ಯಗಳದ್ದು ಶೇ 40. ಮೇಲೆ ಯಾವ ಕಡೆ ಹಣ ತಡೆದರೂ ಕೆಳಗೆ ಪಾಠ ನಿಲ್ಲುತ್ತದೆ. 2024-25ರಲ್ಲಿ ಪಿಎಂ ಶ್ರೀ ಒಪ್ಪಂದಕ್ಕೆ ಸಹಿ ಹಾಕದ ತಮಿಳುನಾಡಿಗೆ ಬರಬೇಕಿದ್ದ ₹2,152 ಕೋಟಿ ನಿಂತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎರಡು ಸರ್ಕಾರಗಳ ನಡುವಿನ ಆ ಜಗಳಕ್ಕೂ ಹಳ್ಳಿಯ ಹತ್ತನೇ ತರಗತಿಯ ಮಕ್ಕಳಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅದರ ಭಾರ ಬಿದ್ದದ್ದು ಶಾಲೆಗಳ ಮೇಲೆಯೇ.

2021ರಿಂದ ಹಣ ಶಾಲೆಯ ಖಾತೆಯಲ್ಲಿ ಕೂರುವುದಿಲ್ಲ. ಶೂನ್ಯ ಶಿಲ್ಕಿನ ಖಾತೆ, ಅದಕ್ಕೊಂದು ಖರ್ಚಿನ ಮಿತಿ. ಮಾರ್ಚ್ 31 ದಾಟಿದರೆ ಖರ್ಚಾಗದ ಮಿತಿ ಕೈತಪ್ಪುತ್ತದೆ. ಮುಂದಿನ ವರ್ಷ ಹಣ ಕಡಿತ ಮಾಡಲು ಅದೇ ಕಾರಣವೂ ಆಗುತ್ತದೆ: ‘ಹೋದ ಸಲ ಕೊಟ್ಟದ್ದನ್ನೇ ಬಳಸಿಲ್ಲ.’ ನಮ್ಮಲ್ಲಿ ದಸರಾ ರಜೆ ಮುಗಿಯುತ್ತಿದ್ದಂತೆ ದುರಸ್ತಿಯ ದರಪಟ್ಟಿ ತರಿಸಿ, ಸಂಕ್ರಾಂತಿಯೊಳಗೆ ಬಿಲ್ಲು ಮುಗಿಸಿ, ಹಣಬಳಕೆ ಪ್ರಮಾಣಪತ್ರವನ್ನು ಬಿಇಒ ಕಚೇರಿಗೆ ಮುಟ್ಟಿಸುವ ಪರಿಪಾಠ ಬೆಳೆಯಿತು.

ಬಾಬತ್ತು ಪೂರ್ತಿ ನಿಂತಾಗ ಕೈಹಿಡಿದದ್ದು ಶಾಲಾ ಸಂಯುಕ್ತ ಅನುದಾನ. ಮಕ್ಕಳ ಸಂಖ್ಯೆ 100 ದಾಟಿ 250ರೊಳಗೆ ಇದ್ದರೆ ವರ್ಷಕ್ಕೆ ₹50,000. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು; ಸೀಮೆಸುಣ್ಣ, ಕಾಗದ, ಸಣ್ಣಪುಟ್ಟ ರಿಪೇರಿ ಉಳಿದದ್ದರಲ್ಲಿ. ಇಂಟರ್ನೆಟ್ಟಿಗೆ ಜಾಗವೇ ಇಲ್ಲ ಅನ್ನಿಸುತ್ತದೆ. ಆದರೆ 2023ರ ನವೆಂಬರ್ 1ರಂದು ರಾಜ್ಯ ಸರ್ಕಾರ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಿಸಿತು. ಆವರೆಗೆ ಕರೆಂಟ್ ಬಿಲ್ಲಿಗೆ ಹೋಗುತ್ತಿದ್ದ ದುಡ್ಡನ್ನು ಬ್ರಾಡ್‌ಬ್ಯಾಂಡ್‌ಗೆ ಬಳಸಲು ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿಸಿದೆವು. ಠರಾವು ಬಾಯಿಮಾತಿನಲ್ಲಿ ಉಳಿಯಬಾರದು, ನಡಾವಳಿ ಪುಸ್ತಕದಲ್ಲಿ ಸಹಿಯೊಂದಿಗೆ ಇರಬೇಕು. ಮುಖ್ಯ ಶಿಕ್ಷಕರು ವರ್ಗವಾಗಿ ಹೋದರೂ ಪುಸ್ತಕ ಅಲ್ಲೇ ಇರುತ್ತದೆ.

3. ಯಂತ್ರ ಹೋದರೂ ಪರವಾಗಿಲ್ಲ, ಬೋಧಕರನ್ನು ಬಿಡಬೇಡಿ

ಈ ಒಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಆನ್‌ಲೈನ್ ಪಾಠದಲ್ಲಿ ನಾನು ಪರದೆಯ ಈಚೆ ಇರುತ್ತೇನೆ. ಸಮಾಂತರ ಶ್ರೇಢಿಯ ಸೂತ್ರ ಬರೆದು ‘ಅರ್ಥವಾಯಿತಾ’ ಎಂದರೆ ಮೂರು ಶಾಲೆಗಳಿಂದ ಒಟ್ಟಿಗೆ ‘ಹೌದ್ರೀ’ ಎಂದು ಕೂಗು ಬರುತ್ತದೆ. ಯಾರ ನೋಟ್‌ಪುಸ್ತಕ ಖಾಲಿ ಇದೆ ಎಂದು ನನಗೆ ಕಾಣುವುದಿಲ್ಲ. ಅದನ್ನು ನೋಡುವುದು ಅಲ್ಲಿ ಬೆಂಚುಗಳ ನಡುವೆ ನಡೆಯುವ ಬೋಧಕ. ‘ಮೇಡಂ, ಹಿಂದಿನ ಸಾಲಿನ ಹುಡುಗ್ಯಾರಿಗೆ ಸಾಮಾನ್ಯ ವ್ಯತ್ಯಾಸ ತೆಗೆಯಾಕ ಬರವಲ್ದು’ ಎಂದು ಅವರು ಮೈಕಿನಲ್ಲಿ ಹೇಳಿದಾಗಲೇ ನನ್ನ ಪಾಠ ಪಾಠವಾಗುವುದು. ಬೋಧಕರ ಗೌರವಧನ ನಿಂತ ಶಾಲೆಗಳಲ್ಲಿ ಪರದೆಯ ಮುಂದೆ ಮಕ್ಕಳನ್ನು ಕೂರಿಸಿ ಬಾಗಿಲು ಮುಂದೆ ಮಾಡಿದ ವಾರಗಳಿದ್ದವು. ಸಂಪರ್ಕ ಚೆನ್ನಾಗಿತ್ತು, ಚಿತ್ರ ಸ್ಪಷ್ಟವಿತ್ತು, ಧ್ವನಿಯೂ ಕೇಳುತ್ತಿತ್ತು. ಕಿರುಪರೀಕ್ಷೆಯಲ್ಲಿ ಆ ಮಕ್ಕಳ ಉತ್ತರಪತ್ರಿಕೆಗಳು ಖಾಲಿ ಬಂದವು.

ನಮ್ಮ ಜಿಲ್ಲೆಗೆ ಇದು ಹೊಸ ಪಾಠವೇನೂ ಅಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಸೈಟ್ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಟಿವಿ ಪಾಠ ತಲುಪಿದ ದೇಶದ 2,400 ಹಳ್ಳಿಗಳಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಟಿವಿಗಳ ದುರಸ್ತಿಗೆಂದೇ ಇಸ್ರೊ ಪ್ರತ್ಯೇಕ ಕೇಂದ್ರಗಳನ್ನು ಇಟ್ಟಿತ್ತು. ಉಪಗ್ರಹ ಅಮೆರಿಕದ ನಾಸಾದ್ದು. ಎರವಲಿನ ಅವಧಿ ಮುಗಿದ ಮೇಲೆ ಪ್ರಸಾರ ನಿಂತಿತು. ಮುಂದುವರಿಕೆ ಎಂಬುದು ಸಿಕ್ಕಿದ್ದು 1977ರಲ್ಲಿ ಕಲಬುರಗಿಯಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದಾಗ. ಮುಂದೆ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ನಮ್ಮ ಮೊದಲ ಉಪಗ್ರಹ. ಅದರ ಪಾಠಗಳನ್ನು ಮೊದಲಿಗೆ ಪಡೆದವುಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಸೇರಿದ್ದವು. 2010ರಲ್ಲಿ ಅದರ ಸೇವೆ ಮುಗಿಯಿತು. ಶಾಲೆಯ ಮಾಳಿಗೆಯ ಮೇಲೆ ತುಕ್ಕು ಹಿಡಿದ ಡಿಶ್ ನೋಡಿದಾಗೆಲ್ಲ ನನಗೆ ಅನ್ನಿಸುವುದು, ಆಕಾಶದಲ್ಲಿ ಏನಿದೆ ಎಂಬುದಕ್ಕಿಂತ ನೆಲದ ಮೇಲೆ ಯಾರಿದ್ದಾರೆ ಎಂಬುದೇ ಇಂಥ ಯೋಜನೆಗಳ ಆಯುಷ್ಯ ತೀರ್ಮಾನಿಸುತ್ತದೆ ಎಂದು.

ಕೇರಳ ಇದನ್ನು ಬೇಗ ಅರಿತಿತು. 2001ರಲ್ಲಿ ಐಟಿ@ಸ್ಕೂಲ್ ಶುರುಮಾಡಿದವರು ಶಾಲೆಯ ಶಿಕ್ಷಕರನ್ನೇ ಐಟಿ ಸಂಯೋಜಕರನ್ನಾಗಿ ತಯಾರು ಮಾಡಿದರು, ಲೈಸೆನ್ಸ್ ಶುಲ್ಕವಿಲ್ಲದ ಮುಕ್ತ ತಂತ್ರಾಂಶಕ್ಕೆ ಬದಲಾದರು. 2005ರಲ್ಲಿ ವಿಕ್ಟರ್ಸ್ ಚಾನೆಲ್ ಬಂತು. 2020ರ ಜೂನ್ 1ರಂದು, ಶಾಲೆ ಬಾಗಿಲು ತೆರೆಯಲಾಗದ ವರ್ಷದ ಮೊದಲ ದಿನವೇ, ‘ಫಸ್ಟ್ ಬೆಲ್’ ಹೆಸರಿನಲ್ಲಿ ಮನೆಮನೆಗೆ ಪಾಠ ಹೋಯಿತು. ಹತ್ತೊಂಬತ್ತು ವರ್ಷ ಕಾದು ಬೆಳೆಸಿದ ಜನ ಇದ್ದುದರಿಂದ ಅದು ಸಾಧ್ಯವಾಯಿತು.

ನಮ್ಮಲ್ಲಿ ಬೋಧಕರ ಗೌರವಧನ ನಿಂತಾಗ ಎರಡು ಶಾಲೆಗಳಲ್ಲಿ ಅತಿಥಿ ಶಿಕ್ಷಕರು ಆ ಅವಧಿ ನೋಡಿಕೊಳ್ಳಲು ಮುಂದೆ ಬಂದರು. ಇನ್ನೊಂದು ಕಡೆ ಸಮಾಜ ವಿಜ್ಞಾನದ ಹಿರಿಯ ಮೇಷ್ಟ್ರು ಮಕ್ಕಳ ಜೊತೆ ಕೂತು ಲೆಕ್ಕ ತಾವೂ ಬಿಡಿಸುತ್ತಿದ್ದಾರೆ. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಗೌರವಧನದ ಜಾಗದಲ್ಲಿ ಒಳ್ಳೆಯತನವನ್ನು ಇಟ್ಟು ಯೋಜನೆ ನಡೆಸಬಾರದು; ಅವರು ನಿವೃತ್ತರಾದ ದಿನ ಅಲ್ಲಿ ಪಾಠವೂ ನಿಲ್ಲುತ್ತದೆ.

4. ಗುಳೆ ಹೋಗುವ ಮಕ್ಕಳಿಗಾಗಿ ಪಾಠ ಹಗುರವಾಗಿರಲಿ

ನವೆಂಬರಿನಿಂದ ಹತ್ತಿ ಬಿಡಿಸುವ ಕಾಲ. ಹೊಲಕ್ಕೆ ಹೋಗುವ ಮಕ್ಕಳು ಒಂದಿಷ್ಟು, ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗುವವರು ಒಂದಿಷ್ಟು. ನೇರ ಪಾಠದ ಧ್ವನಿಮುದ್ರಿಕೆ ಮತ್ತು ಬೋರ್ಡಿನ ಫೋಟೊಗಳನ್ನು ಅವರ ಮನೆಯ ಫೋನಿಗೆ ಕಳಿಸುತ್ತೇವೆ. ಉದ್ದದ ವಿಡಿಯೊ ಕಳಿಸಿದರೆ ಅಪ್ಪನ ದಿನದ ಡೇಟಾ ಅದರಲ್ಲೇ ಮುಗಿಯುತ್ತದೆ, ನಾಳೆಯಿಂದ ಮಗುವಿನ ಕೈಗೆ ಫೋನ್ ಸಿಗುವುದಿಲ್ಲ. ಹತ್ತು ನಿಮಿಷದ ಧ್ವನಿ, ನಾಲ್ಕು ಫೋಟೊ, ಐದು ಲೆಕ್ಕ ಸಾಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಲ್ಲಿ ದೀಕ್ಷಾದ ಪಾಠಗಳಿವೆ, ಅವು ಒಳ್ಳೆಯವೇ. ಆದರೆ ಕೆಂಗೇರಿಯ ಕಟ್ಟಡದ ಶೆಡ್ಡಿನಲ್ಲಿ ಕೂತ ಮಗುವಿಗೆ ತನ್ನ ಊರಿನ ಟೀಚರ ಧ್ವನಿ ಬೇಕು; ಹೆಸರು ಹಿಡಿದು ಕರೆದು ‘ಎರಡನೇ ಲೆಕ್ಕ ಇನ್ನೊಮ್ಮೆ ಮಾಡು’ ಅನ್ನಬೇಕು.

ಊರಿಗೆ ಮರಳಿದ ಮೇಲೆ ಹಿಂದೆ ಬಿದ್ದ ಪಾಠ ನೋಡಲು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಒಳ್ಳೆಯ ಜಾಗ. ಕಂಪ್ಯೂಟರ್ ಇದೆ, ಸಂಜೆ ಬಾಗಿಲು ತೆರೆದಿರುತ್ತದೆ, ಅದರ ಖರ್ಚು ಶಿಕ್ಷಣ ಇಲಾಖೆಯ ತಲೆಯ ಮೇಲಿಲ್ಲ. ಅದನ್ನು ನೋಡಿಕೊಳ್ಳುವ ಪಿಡಿಒ ಮತ್ತು ಗ್ರಂಥಪಾಲಕರನ್ನು ಶಾಲೆಯ ಸಮಾರಂಭಗಳಿಗೆ ತಪ್ಪದೆ ಕರೆಯಿರಿ.

5. ದಾಸ್ತಾನು ಪುಸ್ತಕದ ಹೆದರಿಕೆ ಬಿಡಿಸಿ

ಎಷ್ಟೋ ಕೋಣೆಗಳಿಗೆ ಬೀಗ ಬೀಳುವುದು ಆಡಿಟ್ ಭಯದಿಂದ. ಒಂದು ಮೌಸ್ ಕಳೆದರೆ ತಮ್ಮ ಪಿಂಚಣಿಗೆ ಬರುತ್ತದೆಂದು ಮುಖ್ಯ ಶಿಕ್ಷಕರು ನಂಬಿರುತ್ತಾರೆ. ಕೆಟ್ಟದ್ದನ್ನು ಕೆಟ್ಟಿದೆ ಎಂದು ಬರೆದು, ನಿರುಪಯುಕ್ತ ಸಾಮಗ್ರಿ ಎಂದು ನಿಯಮದಂತೆ ವಿಲೇವಾರಿಗೆ ಹಾಕಿಸಿ. ಅವರ ಪರವಾಗಿ ಆ ಕಾಗದಪತ್ರ ನೀವೇ ತಯಾರು ಮಾಡಿಕೊಟ್ಟರೆ ಕೀಲಿಕೈ ನಿಮ್ಮ ಕೈಗೆ ಬರುತ್ತದೆ.

6. ಎಷ್ಟು ಜನ ನೋಡಿದರು ಎಂಬುದನ್ನು ಬಿಟ್ಟು, ಏನು ಬಂತು ಎಂಬುದನ್ನು ತೋರಿಸಿ

ಕಡಿತದ ಮಾತು ಬಂದಾಗ ಅಧಿಕಾರಿಗಳು ಕೇಳುವುದು ಅಂಕಿ. ಲಾಗಿನ್ ಸಂಖ್ಯೆ ಕೊಟ್ಟರೆ ಅದಕ್ಕಿಂತ ದೊಡ್ಡ ಸಂಖ್ಯೆ ಇರುವ ಯಾವುದೋ ಆ್ಯಪ್ ನಿಮ್ಮ ಎದುರು ನಿಲ್ಲುತ್ತದೆ. ನಾವು ಒಯ್ದದ್ದು ಮಕ್ಕಳ ನೋಟ್‌ಪುಸ್ತಕಗಳನ್ನು. ಜೂನ್‌ನಲ್ಲಿ ಭಿನ್ನರಾಶಿ ಕೂಡಿಸಲು ಬಾರದಿದ್ದ ಹುಡುಗ ಡಿಸೆಂಬರಿನಲ್ಲಿ ಥೇಲ್ಸ್‌ನ ಪ್ರಮೇಯ ಸಾಧಿಸಿದ ಪುಟ, ಪಕ್ಕದಲ್ಲಿ ಅದೇ ಹುಡುಗನ ಹಳೆಯ ಪುಟ. ಹುದ್ದೆ ಖಾಲಿ ಇದ್ದೂ ನಮ್ಮ ಪಾಠ ತಲುಪದ ಶಾಲೆಯ ಕಿರುಪರೀಕ್ಷೆಯ ಫಲಿತಾಂಶವನ್ನೂ ಇಟ್ಟೆವು. ಅದರ ಮುಂದೆ ಮಾತು ಸುಲಭವಾಯಿತು.

ಪಾಲಕರನ್ನೂ ಕರೆದೊಯ್ಯಿರಿ. ಗುಳೆಯಿಂದ ಬಂದ ತಾಯಿಯೊಬ್ಬರು ಸಭೆಯಲ್ಲಿ ಎದ್ದು ಹೇಳಿದ್ದು: ‘ನಮ್ ಹುಡುಗಿ ಬೆಂಗಳೂರಾಗ ಇದ್ರೂ ಇವರ ಲೆಕ್ಕ ಬಿಡಸ್ತಿದ್ಲ್ರಿ. ನಿಲ್ಲಿಸಬ್ಯಾಡ್ರಿ ಸಾಹೇಬ್ರ.’ ಆ ಬಳಿಕ ಒಂದು ವರ್ಷದ ಇಂಟರ್ನೆಟ್ ಬಾಬತ್ತು ವಾಪಸು ಬಂತು.

7. ಖಾಲಿ ಹುದ್ದೆಗೆ ಆನ್‌ಲೈನ್ ಪಾಠವೇ ಉತ್ತರ ಎಂದು ಒಪ್ಪಬೇಡಿ

ಪಾಠ ಚೆನ್ನಾಗಿ ನಡೆದರೆ ಎದುರಾಗುವ ಅಪಾಯ ಇದು. ‘ಹೇಗೂ ಆನ್‌ಲೈನ್ ಇದೆಯಲ್ಲ’ ಎಂದು ಗಣಿತ ಶಿಕ್ಷಕರ ಬೇಡಿಕೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಮರುವರ್ಷ ಆನ್‌ಲೈನಿನ ಹಣವೂ ಹೋದರೆ ಆ ಶಾಲೆಯ ಮಕ್ಕಳಿಗೆ ಎರಡೂ ಇಲ್ಲ. ನಮ್ಮ ಪ್ರತಿ ಮನವಿಯಲ್ಲೂ ಮೊದಲ ಸಾಲು ಹುದ್ದೆ ಭರ್ತಿಯದ್ದು, ಎರಡನೆಯದು ಆವರ್ತಕ ವೆಚ್ಚದ್ದು. ಆ ಅನುಕ್ರಮವನ್ನು ಬದಲಿಸಲು ನಾವು ಯಾರಿಗೂ ಬಿಟ್ಟಿಲ್ಲ.

8. ಯು-ಡೈಸ್ ತುಂಬುವಾಗ ಇದ್ದದ್ದನ್ನು ಇದ್ದಂತೆ ಬರೆಯಿರಿ

ಯು-ಡೈಸ್ ಪ್ಲಸ್‌ನ 2024-25ರ ವರದಿಯ ಪ್ರಕಾರ ದೇಶದ ಶೇ 64.7 ಶಾಲೆಗಳಲ್ಲಿ ಕಂಪ್ಯೂಟರ್ ಇದೆ, ಶೇ 63.5 ಶಾಲೆಗಳಲ್ಲಿ ಇಂಟರ್ನೆಟ್ ಇದೆ. ಈ ಅಂಕಿಗಳು ಹುಟ್ಟುವುದು ನಮ್ಮಂಥ ಶಿಕ್ಷಕರು ರಾತ್ರಿ ಕೂತು ತುಂಬುವ ನಮೂನೆಯಿಂದ. ಮುಂದಿನ ವರ್ಷದ ವಾರ್ಷಿಕ ಕಾರ್ಯಯೋಜನೆ ಮತ್ತು ಆಯವ್ಯಯಕ್ಕೂ ಇದೇ ಮಾಹಿತಿ ಆಧಾರ. ಹತ್ತು ಕಂಪ್ಯೂಟರಿನಲ್ಲಿ ಎರಡು ಮಾತ್ರ ನಡೆಯುತ್ತಿದ್ದರೆ ಎರಡು ಎಂದೇ ತುಂಬಿ. ಶಾಲೆಯ ಮರ್ಯಾದೆ ಹೋಗುತ್ತದೆಂದು ಹತ್ತು ಎಂದು ಬರೆದರೆ, ದುರಸ್ತಿಗೆ ಹಣ ಬೇಕೆಂಬ ನಿಮ್ಮ ಮನವಿಗೆ ನಿಮ್ಮದೇ ಮಾಹಿತಿ ಅಡ್ಡ ಬರುತ್ತದೆ. ತುಂಬಿದ ನಮೂನೆಯ ಪ್ರತಿಯನ್ನು ಮುದ್ರಿಸಿ, ಎಸ್‌ಡಿಎಂಸಿ ಠರಾವಿನ ಜೊತೆ ಲಗತ್ತಿಸಿ, ಡಿಸೆಂಬರ್ ಮುಗಿಯುವುದರೊಳಗೆ ಬಿಇಒ ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.