ಸಿಗಡಿ, ಏಡಿ, ಕಪ್ಪೆಚಿಪ್ಪು: ಕೊಳ್ಳುವ ಮತ್ತು ಬೇಯಿಸುವ ಕ್ರಮ

ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಬೆಳಗಿನ ಜಾವವೇ ಸಿಗಡಿ ಮತ್ತು ಏಡಿಗಳ ವ್ಯಾಪಾರ ಆರಂಭವಾಗುತ್ತದೆ. ಅಲ್ಲಿಂದ ರೈಲು ಮಾರ್ಗವಾಗಿ ಸುಮಾರು 350 ಕಿಲೋಮೀಟರ್ ದೂರದಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲಿರುವ ವಿಜಯವಾಡಕ್ಕೆ ಸಮುದ್ರದ ಮೀನು ಮಂಜುಗಡ್ಡೆಯ ನಡುವೆಯೇ ಪಯಣಿಸಬೇಕು. ಹಾಗೆಂದ ಮಾತ್ರಕ್ಕೆ ಬಂದರಿನಲ್ಲಿ ದೊರೆಯುವುದೆಲ್ಲ ತಾಜಾ, ಒಳನಾಡಿನಲ್ಲಿ ದೊರೆಯುವುದೆಲ್ಲ ಹಳೆಯದು ಎಂದು ಭಾವಿಸುವುದು ತಪ್ಪಾಗುತ್ತದೆ. ಯಾಂತ್ರಿಕ ದೋಣಿಗಳು ಹಲವು ದಿನ ಕಡಲಿನಲ್ಲೇ ಉಳಿದು ಮರಳುವುದುಂಟು. ವಿಜಯವಾಡಕ್ಕಾದರೋ ಕೃಷ್ಣಾ-ಗೋದಾವರಿ ಮುಖಜಭೂಮಿಯ ಸಿಗಡಿ ಕೊಳಗಳು ಸಮೀಪದಲ್ಲಿವೆ. ಮುಂಜಾನೆ ಹಿಡಿದ ಸಿಗಡಿ ಅದೇ ದಿನ ಪೇಟೆ ಸೇರಬಹುದು. ಈ ಕೊಳಗಳಲ್ಲಿ ಈಗ ಹೆಚ್ಚಾಗಿ ಬೆಳೆಯುವುದು ವನ್ನಾಮೈ ಎಂಬ ಬಿಳಿ ಸಿಗಡಿ. ಅಮೆರಿಕ ಖಂಡದ ಪೆಸಿಫಿಕ್ ತೀರದ ಈ ತಳಿಯ ಸಾಕಣೆಗೆ ಭಾರತದಲ್ಲಿ 2009ರಲ್ಲಿ ಅನುಮತಿ ದೊರೆಯಿತು. ಆದುದರಿಂದ ಗ್ರಾಹಕರು ಕೇಳಬೇಕಾದ ಪ್ರಶ್ನೆ ಊರಿನ ದೂರವನ್ನು ಕುರಿತದ್ದಲ್ಲ. ಪದಾರ್ಥವು ಮಂಜುಗಡ್ಡೆಯಿಲ್ಲದೆ ಎಷ್ಟು ಹೊತ್ತು ಕಳೆದಿದೆ ಎಂಬುದು.

ಪೂರ್ವ ಕರಾವಳಿಯಲ್ಲಿ ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಪೂರ್ವ ತೀರದ ಸಮುದ್ರದ ಸಿಗಡಿ ಎಂದು ರಾಶಿಗಟ್ಟಲೆ ಮಾರುವುದು ಶೀತಾಗಾರದ ಹಳೆಯ ಸಂಗ್ರಹವೇ ಆಗಿರುವ ಸಂಭವ ಹೆಚ್ಚು. ಸರಿಯಾಗಿ ಘನೀಕರಿಸಿದ ಸಿಗಡಿಯಲ್ಲಿ ದೋಷವಿಲ್ಲ. ಆದರೆ ಅದನ್ನು ತಾಜಾ ಸಿಗಡಿಯ ಬೆಲೆಗೆ ಕೊಳ್ಳಬೇಕಾಗಿಲ್ಲ.

ಸಿಗಡಿಯ ತಲೆಯ ಭಾಗದಲ್ಲಿರುವ ಜೀರ್ಣಾಂಗದ ಕಿಣ್ವಗಳು, ಪ್ರಾಣಿ ಸತ್ತ ಕೂಡಲೇ ಅದರ ಮಾಂಸವನ್ನೇ ಕರಗಿಸತೊಡಗುತ್ತವೆ. ತಲೆ ಸಡಿಲಗೊಂಡು ಜೋಲುವುದು, ಮೈ ಮೆತ್ತಗಾಗುವುದು ಇದರ ಲಕ್ಷಣ. ಚಿಪ್ಪು ಹೊಳಪಾಗಿ, ಮೈ ಗಟ್ಟಿಯಾಗಿ, ಕಡಲ ನೀರಿನ ಎಳೆಯ ವಾಸನೆಯಿದ್ದರೆ ಕೊಳ್ಳಬಹುದು. ಅಮೋನಿಯದ ಘಾಟಿದ್ದರೆ ಬೆಲೆ ಎಷ್ಟೇ ಇಳಿದರೂ ಬಿಡಬೇಕು. ಚಿಪ್ಪಿನ ಮೇಲಿನ ಕಪ್ಪು ಕಲೆಗಳೂ ಕಿಣ್ವದ ಕಾರ್ಯವೇ. ಅವು ವಿಷವಲ್ಲ, ತಡವಾದುದರ ಸೂಚನೆ. ಈ ಕಲೆಗಳನ್ನು ತಡೆಯಲು ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಅದ್ದುವ ಪದ್ಧತಿಯಿದೆ. ಮಿತಿಯೊಳಗೆ ಅದಕ್ಕೆ ಅನುಮತಿಯೂ ಇದೆ. ಆದರೆ ಉಬ್ಬಸವುಳ್ಳ ಕೆಲವರಿಗೆ ಅದು ಆಗಿಬರದು. ಹೀಗಾಗಿ ಬಣ್ಣಕ್ಕಿಂತ ಮೂಗನ್ನು ನಂಬುವುದೇ ಲೇಸು.

ತಲೆ ತೆಗೆದು ಸುಲಿದರೆ ಒಂದು ಕಿಲೋ ಇಡೀ ಸಿಗಡಿಯಿಂದ ಸುಮಾರು ಅರ್ಧ ಕಿಲೋ ಮಾಂಸ ಉಳಿಯುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದು ಬೆಲೆ ಹೋಲಿಸಬೇಕು. ದೂರ ಒಯ್ಯುವವರು ಒಂದು ಕಿಲೋ ಸಿಗಡಿಗೆ ಒಂದು ಕಿಲೋ ಪುಡಿ ಮಾಡಿದ ಮಂಜುಗಡ್ಡೆಯನ್ನು, ಅಡಿಯಲ್ಲೂ ಮೇಲೂ ಪದರವಿರುವಂತೆ ಹಾಕಿಸಿಕೊಳ್ಳಬೇಕು. ಕರಗಿದ ನೀರು ಹೊರಹೋಗಲು ದಾರಿಯಿರಬೇಕು.

ಕೆಸರಿನ ಏಡಿಯನ್ನು ಜೀವಂತವಾಗಿಯೇ ಕೊಳ್ಳುವುದು ವಾಡಿಕೆ. ಈ ವಾಡಿಕೆಗೆ ಸಕಾರಣವಿದೆ. ಸತ್ತ ಏಡಿ ಬಿಸಿಲಿನ ನಾಡಿನಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಗಾತ್ರಕ್ಕೆ ತಕ್ಕ ತೂಕವಿಲ್ಲದ ಏಡಿ ಈಚೆಗೆ ಚಿಪ್ಪು ಕಳಚಿದ್ದಿರಬಹುದು. ಅದರೊಳಗೆ ಮಾಂಸಕ್ಕಿಂತ ನೀರೇ ಹೆಚ್ಚು.

ಕಪ್ಪೆಚಿಪ್ಪಿನ ವಿಷಯ ಇವೆರಡಕ್ಕಿಂತ ಭಿನ್ನವಾದುದು. ದಕ್ಷಿಣ ಕನ್ನಡದಲ್ಲಿ ಮರುವಾಯಿ ಎಂದು ಕರೆಯುವ ಈ ಜೀವಿ ಒಂದೆಡೆ ನೆಲೆಸಿ, ನೀರನ್ನು ಸೋಸಿ ಆಹಾರ ಪಡೆಯುತ್ತದೆ. ನೀರಿನಲ್ಲಿ ಚರಂಡಿಯ ಕೊಳಚೆ ಇದ್ದರೆ ರೋಗಾಣುಗಳೂ, ವಿಷಕಾರಿ ಸೂಕ್ಷ್ಮ ಪಾಚಿ ಇದ್ದರೆ ಅದರ ವಿಷವೂ ಅದರ ಮೈಯಲ್ಲಿ ಶೇಖರವಾಗುತ್ತವೆ. ರೋಗಾಣುಗಳು ಬೇಯಿಸಿದರೆ ಸಾಯುತ್ತವೆ. ಪಾಚಿಯ ವಿಷವು ಕುದಿಸಿದರೂ ನಾಶವಾಗದು. ತಮಿಳುನಾಡಿನ ವಯಲೂರಿನಲ್ಲಿ 1981ರಲ್ಲಿ ಇಂತಹ ಚಿಪ್ಪು ತಿಂದ 85 ಮಂದಿ ಆಸ್ಪತ್ರೆ ಸೇರಿದರು, ಮೂವರು ಮೃತಪಟ್ಟರು. 1983ರಲ್ಲಿ ಮಂಗಳೂರಿನ ಪರಿಸರದಲ್ಲೂ ಇದೇ ಬಗೆಯ ವಿಷಬಾಧೆ ವರದಿಯಾಯಿತು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಜನ ಸತ್ತರು. ತಿಂದ ಸ್ವಲ್ಪ ಹೊತ್ತಿನಲ್ಲೇ ತುಟಿ, ನಾಲಿಗೆ ಜುಮ್ಮೆನ್ನುವುದು ಇದರ ಮೊದಲ ಚಿಹ್ನೆ. ಬಳಿಕ ಉಸಿರಾಟದ ಸ್ನಾಯುಗಳೇ ಸ್ತಬ್ಧವಾಗಬಹುದು. ಇದಕ್ಕೆ ಪ್ರತಿವಿಷವಿಲ್ಲ. ಸಕಾಲದಲ್ಲಿ ಕೃತಕ ಉಸಿರಾಟ ದೊರೆತವರು ಬದುಕುತ್ತಾರೆ. ಆದುದರಿಂದ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಸಮುದ್ರದ ನೀರು ಕೆಂಪು ಅಥವಾ ಹಸಿರು ಬಣ್ಣಕ್ಕೆ ತಿರುಗಿದ ದಿನಗಳಲ್ಲಿ ಆ ತೀರದ ಚಿಪ್ಪನ್ನು ಮುಟ್ಟದಿರುವುದು ಕ್ಷೇಮ. ಆದರೆ ನೀರು ತಿಳಿಯಾಗಿ ಕಂಡಿತೆಂದು ವಿಷವಿಲ್ಲವೆಂದು ಹೇಳಲಾಗದು. ಬಂದರು ಮತ್ತು ಕಾರ್ಖಾನೆಗಳ ನೀರು ಸೇರುವ ಕಡೆ ಆಯ್ದ ಚಿಪ್ಪನ್ನು ಯಾವ ಕಾಲದಲ್ಲೂ ಕೊಳ್ಳಬಾರದು.

ಬಾಯಿ ತೆರೆದ ಚಿಪ್ಪನ್ನು ಬೆರಳಿನಿಂದ ತಟ್ಟಿದಾಗ ಮುಚ್ಚಿಕೊಂಡರೆ ಅದು ಜೀವಂತವಾಗಿದೆ, ಮುಚ್ಚದಿದ್ದರೆ ಎಸೆಯಬೇಕು. ಬೇಯುವಾಗ ಬಾಯಿ ತೆರೆದ ಮೇಲೂ ಮೂರರಿಂದ ಐದು ನಿಮಿಷ ಕುದಿಸಬೇಕು. ಕಡೆಯವರೆಗೂ ತೆರೆಯದವನ್ನು ಒಡೆದು ತಿನ್ನುವ ಹಟ ಬೇಡ.

ಆಂಧ್ರದ ರೊಯ್ಯಲ ಇಗುರು ಆಗಲಿ, ನಮ್ಮ ಕರಾವಳಿಯ ಸಿಗಡಿ ಸುಕ್ಕಾ ಆಗಲಿ, ಖಾರ ಧಾರಾಳವಾಗಿರುವ ಅಡುಗೆಗಳು. ಹುಳಿ-ಖಾರವೇ ರೋಗಾಣುಗಳನ್ನು ಕೊಲ್ಲುತ್ತದೆಂಬ ನಂಬಿಕೆ ಎರಡೂ ಕಡೆ ಇದೆ, ಅದಕ್ಕೆ ಆಧಾರವಿಲ್ಲ. ಬೆಚ್ಚನೆಯ ಕಡಲಿನಲ್ಲಿ ಸಹಜವಾಗಿಯೇ ಇರುವ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಉಷ್ಣವೇ. ಇವುಗಳಲ್ಲಿ ಒಂದನ್ನು ಜಪಾನಿನ ಒಸಾಕಾದಲ್ಲಿ 1950ರಲ್ಲಿ, ಮೀನು ತಿಂದು 20 ಜನ ಸತ್ತಾಗ ಗುರುತಿಸಲಾಯಿತು. ಸಿಗಡಿಯ ಮಾಂಸ ಒಳಗಿನವರೆಗೂ ಪಾರದರ್ಶಕತೆ ಕಳೆದುಕೊಂಡು ಬೆಳ್ಳಗಾದರೆ ಬೆಂದಿದೆಯೆಂದು ತಿಳಿಯಬೇಕು. ಕುದಿಯುವ ಮಸಾಲೆಗೆ ಕೊನೆಯಲ್ಲಿ ಹಾಕಿದರೆ ಸಾಧಾರಣ ಗಾತ್ರದ್ದಕ್ಕೆ ನಾಲ್ಕೈದು ನಿಮಿಷ ಸಾಕು. ಅದಕ್ಕೂ ಮೀರಿದರೆ ರಬ್ಬರಿನಂತಾಗುತ್ತದೆ. ಹಸಿ ಸಿಗಡಿ ಕತ್ತರಿಸಿದ ಮಣೆ ಮತ್ತು ಚಾಕುವಿನಲ್ಲಿ, ತೊಳೆಯದೆ, ಈರುಳ್ಳಿ ಸೌತೆಕಾಯಿ ಹೆಚ್ಚಿದರೆ ಒಲೆಯ ಮೇಲಿನ ಎಚ್ಚರಿಕೆಯೆಲ್ಲ ವ್ಯರ್ಥ.

ಎಷ್ಟೇ ತಾಜಾ ಆದರೂ, ಎಷ್ಟೇ ಬೇಯಿಸಿದರೂ ಕೆಲವರಿಗೆ ಇವು ಒಗ್ಗುವುದಿಲ್ಲ. ಅಲರ್ಜಿ ಉಂಟುಮಾಡುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಶಾಖಕ್ಕೆ ಜಗ್ಗದು. ಸಿಗಡಿ ತಿಂದು ಮೈ ತುರಿಸಿ ದದ್ದುಗಳೆದ್ದವರು ಏಡಿಯನ್ನು ಪ್ರಯೋಗಿಸಿ ನೋಡಬಾರದು, ಏಕೆಂದರೆ ಎರಡರಲ್ಲೂ ಇರುವುದು ಅದೇ ಬಗೆಯ ಪ್ರೋಟೀನು. ತುಟಿ ಅಥವಾ ಗಂಟಲು ಊದಿ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು; ಅಂತಹವರು ಮದುವೆ ಮನೆಯಲ್ಲಾಗಲಿ ಹೋಟೆಲಿನಲ್ಲಾಗಲಿ ಊಟಕ್ಕೆ ಕೂರುವ ಮುನ್ನ, ಮೀನು ಕರಿದ ಎಣ್ಣೆಯಲ್ಲೇ ಸಿಗಡಿಯನ್ನೂ ಕರಿದಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು.